ಮೊದಲು ಕುರ್ಚಿ, ಆಮೇಲೆ ದಿಕ್ಕು

ಜಗತ್ತನ್ನು ಹೋಳು ಮಾಡಿ ಹೆಸರಿಡುವುದಕ್ಕೆ ಬೇಕಾದ ಸಾಮಾನು ಮೂರೇ: ಒಂದು ಭೂಪಟ, ಒಂದು ಪೆನ್ಸಿಲ್, ಒಂದು ಕುರ್ಚಿ. ದಿಕ್ಸೂಚಿ ತರಬೇಡಿ, ಕೆಲಸ ಕೆಡುತ್ತದೆ. ಕುರ್ಚಿ ಊರಿ ಕೂತ ಮೇಲೆ ಎದುರಿಗೆ ಹೊತ್ತು ಹುಟ್ಟುವ ಕಡೆಯದ್ದೆಲ್ಲ ‘ಪ್ರಾಚ್ಯ’, ಬೆನ್ನ ಹಿಂದಿನದ್ದು ‘ಪಾಶ್ಚಾತ್ಯ’. ಭೂಮಿ ಗುಂಡಗಿದೆಯಲ್ಲ, ಪೂರ್ವಕ್ಕೇ ಹೋಗುತ್ತಿದ್ದರೆ ಪಶ್ಚಿಮ ಬರುತ್ತದಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಅವರನ್ನು ಸಮಿತಿಯಿಂದ ಕೈಬಿಡಿ.

ಕುರ್ಚಿ ಲಂಡನ್ನಿನಲ್ಲಿದ್ದಾಗ ಅಳತೆ ಹೀಗಿತ್ತು. ಆಟೊಮನ್ ತುರ್ಕರ ಸಾಮ್ರಾಜ್ಯ ಹತ್ತಿರ, ಅದಕ್ಕೇ ‘ಸಮೀಪ ಪ್ರಾಚ್ಯ’. ಚೀನಾ, ಜಪಾನ್ ಬಹಳ ದೂರ, ಅದಕ್ಕೇ ‘ದೂರಪ್ರಾಚ್ಯ’. ನಡುವೆ ಪರ್ಷಿಯನ್ ಕೊಲ್ಲಿಯ ಸುತ್ತ ಹೆಸರಿಲ್ಲದ ಜಾಗ ಉಳಿದುಹೋಗಿತ್ತು. 1902ರಲ್ಲಿ ಆಲ್ಫ್ರೆಡ್ ಥೇಯರ್ ಮಹಾನ್ ಎಂಬ ಅಮೆರಿಕದ ನೌಕಾಧಿಕಾರಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅದನ್ನು ‘ಮಧ್ಯಪ್ರಾಚ್ಯ’ ಎಂದು ಕರೆದ, ಹೆಸರು ಅಂಟಿಕೊಂಡಿತು. ಅಲ್ಲಿಯವರನ್ನು ಕೇಳಿದರೇ ಎನ್ನಬೇಡಿ. ನಾಮಕರಣದಲ್ಲಿ ಕೂಸನ್ನು ಕೇಳುವ ಪದ್ಧತಿ ಎಲ್ಲೂ ಇಲ್ಲ.

ಈ ಕಟ್ಟಡದ ದೋಷ ಗೊತ್ತಾದದ್ದು ಆಮೇಲೆ. ಮೊದಲ ಮಹಾಯುದ್ಧದ ನಂತರ ಆಟೊಮನ್ ಸಾಮ್ರಾಜ್ಯವೇ ಇಲ್ಲವಾಯಿತು, ‘ಸಮೀಪ’ಕ್ಕೆ ವಾರಸುದಾರರಿಲ್ಲದಂತಾಯಿತು. 1939ರಲ್ಲಿ ಬ್ರಿಟಿಷರು ತಮ್ಮ ಮಧ್ಯಪ್ರಾಚ್ಯ ಸೇನಾ ಕಮಾಂಡಿನ ಕಚೇರಿಯನ್ನು ಕೈರೋದಲ್ಲಿ ತೆರೆದರು. ಕಚೇರಿ ಎಲ್ಲಿದೆಯೋ ಪ್ರದೇಶವೂ ಅಲ್ಲಿಗೇ ಬರಬೇಕಲ್ಲ? ಮಧ್ಯವು ಪಡುವಣಕ್ಕೆ ಜರುಗಿ ಸಮೀಪವನ್ನು ನುಂಗಿತು. ಹೀಗೆ ಹತ್ತಿರದ ಪೂರ್ವ ಹೋಗಿ ನಡುವಿನದೂ ದೂರದ್ದೂ ಉಳಿದವು; ಯಾವುದರ ನಡುವೆ ಎಂಬುದು ಕಡತದಲ್ಲಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆ ಮಾತ್ರ ಹಳೆಯ ಬೋರ್ಡು ಇಳಿಸಿಲ್ಲ. ಅಲ್ಲಿ ಇವತ್ತಿಗೂ ‘ಸಮೀಪ ಪ್ರಾಚ್ಯ ವ್ಯವಹಾರಗಳ’ ವಿಭಾಗವಿದೆ. ವಾಷಿಂಗ್ಟನ್ನಿನಿಂದ ಕೈರೋಗೆ 9,000 ಕಿಲೋಮೀಟರಿಗೂ ಹೆಚ್ಚು. ಸಮೀಪವೇ.

ಆ ವಿಭಾಗದ ಪಟ್ಟಿಯಲ್ಲಿ ಮೊರಾಕ್ಕೊ ಕೂಡ ಇದೆ. ಅರಬ್ಬಿಯಲ್ಲಿ ಆ ದೇಶದ ಹೆಸರು ಅಲ್-ಮಗ್ರಿಬ್, ಅಂದರೆ ಹೊತ್ತು ಮುಳುಗುವ ನಾಡು, ಅಚ್ಚಗನ್ನಡದಲ್ಲಿ ಪಡುವಣ. ಅಲ್ಲಿನ ಕಾಸಾಬ್ಲಾಂಕಾ ನಗರ ಲಂಡನ್ನಿಗಿಂತ ಏಳು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಆದರೂ 1832ರಲ್ಲಿ ಫ್ರಾನ್ಸಿನ ಚಿತ್ರಕಾರ ಡೆಲಕ್ರೊವಾ ಮೊರಾಕ್ಕೊ ನೋಡಿಬಂದು ಬಿಡಿಸಿದ ಚಿತ್ರಗಳನ್ನು ಕಲೆಯ ಇತಿಹಾಸದವರು ಜೋಡಿಸಿಟ್ಟದ್ದು ‘ಪ್ರಾಚ್ಯ’ದ ಕಪಾಟಿನಲ್ಲೇ. ಪ್ಯಾರಿಸ್ಸಿನಿಂದ ನೈಋತ್ಯಕ್ಕೆ ಹೋಗಿ ಪೂರ್ವವನ್ನು ಕಂಡು ಬಂದವನು ಅವನು. ಪಶ್ಚಿಮಕ್ಕೆ ಹಡಗು ಬಿಟ್ಟು ಪೂರ್ವ ಮುಟ್ಟುತ್ತೇನೆಂದ ಕೊಲಂಬಸನಿಗಾದರೂ ಭೂಮಿ ಗುಂಡಗಿದೆ ಎಂಬ ನೆಪವಿತ್ತು.

ಕುರ್ಚಿಯ ಕಾಲಿಗೆ ಮೊಳೆ ಹೊಡೆದದ್ದು 1884ರಲ್ಲಿ. ವಾಷಿಂಗ್ಟನ್ನಿನಲ್ಲಿ ಸೇರಿದ 25 ದೇಶಗಳ ಪೈಕಿ 22 ದೇಶಗಳು ಲಂಡನ್ನಿನ ಗ್ರೀನಿಚ್ ಮೇಲೆ ಹಾದುಹೋಗುವ ರೇಖೆಯೇ ರೇಖಾಂಶದ ಸೊನ್ನೆ ಎಂದು ಕೈ ಎತ್ತಿದವು. ಫ್ರಾನ್ಸ್ ತಟಸ್ಥವಾಗಿ ಕೂತಿತು. 1911ರಲ್ಲಿ ಕೊನೆಗೂ ಒಪ್ಪಿತು, ಆದರೆ ಕಾನೂನಿನಲ್ಲಿ ಗ್ರೀನಿಚ್ ಎಂಬ ಅಕ್ಷರ ಬೀಳದ ಹಾಗೆ. ದೇಶದ ಅಧಿಕೃತ ಕಾಲವೆಂದರೆ ಪ್ಯಾರಿಸ್ಸಿನ ಸರಾಸರಿ ಕಾಲಕ್ಕಿಂತ 9 ನಿಮಿಷ 21 ಸೆಕೆಂಡ್ ಹಿಂದೆ, ಅಷ್ಟೇ. ದಾಯಾದಿಯ ಹೆಸರೆತ್ತದೆ ‘ಆ ಮನೆಯವರು’ ಎನ್ನುವುದನ್ನು ಸೆಕೆಂಡಿನ ಲೆಕ್ಕದಲ್ಲಿ ಮಾಡಿ ತೋರಿಸಿದ ಕೀರ್ತಿ ಅವರಿಗೇ ಸಲ್ಲಬೇಕು.

ದಿಕ್ಕಿನ ಹೆಸರು ಬಿಡಿ, ಖಂಡಗಳು ಪ್ರಕೃತಿ ಕಡಿದು ಕೊಟ್ಟವು ಎನ್ನುವವರಿದ್ದಾರೆ. ಕ್ರಿ.ಪೂ. ಐದನೇ ಶತಮಾನದಲ್ಲೇ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಈ ಮಾತಿಗೆ ನಕ್ಕಿದ್ದ. ಒಂದೇ ನೆಲಕ್ಕೆ ಯೂರೋಪ್, ಏಷ್ಯಾ, ಲಿಬಿಯಾ ಅಂತ ಮೂರು ಹೆಂಗಸರ ಹೆಸರು ಯಾಕಿಟ್ಟರೋ ತನಗೆ ತಿಳಿಯದು ಎಂದ. (ಆಫ್ರಿಕಾಕ್ಕೆ ಗ್ರೀಕರು ಲಿಬಿಯಾ ಎನ್ನುತ್ತಿದ್ದರು.) ನೈಲ್ ನದಿಯೇ ಏಷ್ಯಾ ಮತ್ತು ಲಿಬಿಯಾಗಳ ಗಡಿ ಎಂದವರಿಗೆ ಅವನು ಹಾಕಿದ ಪ್ರಶ್ನೆ ಇನ್ನೂ ಚೆನ್ನಾಗಿದೆ: ನದಿ ಕವಲೊಡೆದ ಮೇಲೆ ನಡುವೆ ಸಿಕ್ಕಿಕೊಂಡ ಮುಖಜಭೂಮಿ ಯಾವ ಖಂಡದ್ದು? ಅದನ್ನು ನಾಲ್ಕನೆಯದಾಗಿ ಎಣಿಸಬೇಕು, ಇಲ್ಲವೇ ನಿಮಗೆ ಎಣಿಸಲು ಬರುವುದಿಲ್ಲ ಎಂದು ಒಪ್ಪಬೇಕು.

ನದಿಯ ಗಡಿಯಲ್ಲಿ ಇನ್ನೊಂದು ತೊಂದರೆಯಿದೆ, ಅದು ದೊರೆಗಳಿಗೆ ಹಿಡಿಸದೆ ಹೋಗಬಹುದು. ಯೂರೋಪಿನ ಪೂರ್ವದಂಚು ಡಾನ್ ನದಿ ಎಂಬುದು ಪ್ರಾಚೀನರ ಲೆಕ್ಕ. ಹಾಗೆ ಗೆರೆ ಎಳೆದರೆ ರಷ್ಯಾದ ಒಳ್ಳೊಳ್ಳೆಯ ಭಾಗಗಳು ಏಷ್ಯಾಕ್ಕೆ ಹೋಗುತ್ತಿದ್ದವು. ಪ್ರಜೆಗಳನ್ನು ಯೂರೋಪಿಯನ್ನರಂತೆ ಮಾಡಲು ಗಡ್ಡಕ್ಕೇ ತೆರಿಗೆ ಹಾಕಿದ ಪೀಟರ್ ದೊರೆಯ ದೇಶಕ್ಕೆ ಇದು ಸರಿಬರುವ ಮಾತಲ್ಲ. ರಷ್ಯಾದವರ ಸೆರೆಯಲ್ಲಿ ಸೈಬೀರಿಯಾ ಕಂಡಿದ್ದ ಸ್ಟ್ರಾಲೆನ್‌ಬರ್ಗ್ ಎಂಬ ಸ್ವೀಡನ್ನಿನ ಅಧಿಕಾರಿ 1730ರಲ್ಲಿ ಯೂರಲ್ ಬೆಟ್ಟಸಾಲನ್ನೇ ಗಡಿ ಎಂದು ಬರೆದ. ಆ ಯೋಚನೆ ಮೊದಲು ಬಂದದ್ದು ತನಗೆ ಎಂದು ರಷ್ಯಾದ ಭೂಗೋಳಜ್ಞ ತತಿಶ್ಚೆವ್ ತಗಾದೆ ತೆಗೆದ. ಯಾರದಾದರೇನು, ಗಡಿ ಪೂರ್ವಕ್ಕೆ ಹೋಯಿತು. ಯೂರಲ್‌ನ ಅತಿ ಎತ್ತರದ ಶಿಖರ 1,900 ಮೀಟರ್ ಮುಟ್ಟುವುದಿಲ್ಲ, ಅದು ‘ಖಂಡ’ದ ಗೋಡೆ. ಹಿಮಾಲಯ 8,849 ಮೀಟರ್ ಏರುತ್ತದೆ, ಅದರ ಈಚೆಗಿರುವುದು ‘ಉಪಖಂಡ’.

ಪುರಾಣದವರು ಈ ವಿಷಯದಲ್ಲಿ ಧಾರಾಳಿಗಳು. ಕುರ್ಚಿ ನಡುಮಧ್ಯದಲ್ಲೇ, ಮೇರುವಿನ ಬುಡದಲ್ಲಿ, ಅದನ್ನು ಮುಚ್ಚಿಡಲಿಲ್ಲ. ಒಂದು ಲಕ್ಷ ಯೋಜನದ ಜಂಬೂದ್ವೀಪ, ಅದರ ಸುತ್ತ ಉಂಗುರದಂತೆ ಪ್ಲಕ್ಷ, ಶಾಲ್ಮಲಿ, ಕುಶ, ಕ್ರೌಂಚ, ಶಾಕ, ಪುಷ್ಕರ. ಒಂದೊಂದೂ ಹಿಂದಿನದರ ಎರಡರಷ್ಟು, ಕೊನೆಯದು 64 ಲಕ್ಷ. ಲೆಕ್ಕ ಪಕ್ಕಾ, ಅಳೆದು ಬಂದವರಿಲ್ಲ. ಆದರೆ ಒಂದು ಗಮನಿಸಿ: ತಾವಿದ್ದ ದ್ವೀಪಕ್ಕೆ ಉಪ್ಪುನೀರು ಇಟ್ಟುಕೊಂಡು ಕಬ್ಬಿನಹಾಲು, ಮದ್ಯ, ತುಪ್ಪ, ಮೊಸರು, ಹಾಲು, ಸಿಹಿನೀರಿನ ಕಡಲುಗಳನ್ನೆಲ್ಲ ಆಚೆಯವರಿಗೆ ಬಿಟ್ಟುಕೊಟ್ಟ ಭೂಪಟದವರು ಇವರೊಬ್ಬರೇ ಇರಬೇಕು.

ಇಟ್ಟ ಹೆಸರನ್ನು ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ. 1507ರಲ್ಲಿ ಜರ್ಮನ್ ಭೂಪಟಕಾರ ವಾಲ್ಡ್‌ಸೀಮ್ಯುಲರ್ 12 ಹಾಳೆಯ ಭೂಪಟದಲ್ಲಿ ‘ಅಮೆರಿಕ’ ಎಂದು ಅಚ್ಚು ಹಾಕಿಸಿದ. 1516ರ ಹೊಸ ಪಟದಲ್ಲಿ ಆ ಹೆಸರನ್ನೇ ಕೈಬಿಟ್ಟ. ಅಷ್ಟರಲ್ಲಿ ಮಾತು ಊರೆಲ್ಲ ಸುತ್ತಿಯಾಗಿತ್ತು. 

ಇಪ್ಪತ್ತನೇ ಶತಮಾನದಲ್ಲಿ ದಿಕ್ಕು ಸಾಕಾಗಿ ನಂಬರು ಬಂತು. ಶೀತಲ ಸಮರದ ಎರಡು ಬಣಕ್ಕೂ ಸೇರದವರನ್ನು 1952ರಲ್ಲಿ ಫ್ರಾನ್ಸಿನ ಆಲ್ಫ್ರೆಡ್ ಸೋವಿ ‘ತೃತೀಯ ಜಗತ್ತು’ ಎಂದ. ಫ್ರೆಂಚ್ ಕ್ರಾಂತಿಯ ಕಾಲದ ‘ತೃತೀಯ ವರ್ಗ’, ಅಂದರೆ ಪಾದ್ರಿಗಳೂ ಶ್ರೀಮಂತ ಕುಲೀನರೂ ಅಲ್ಲದ ಸಾಮಾನ್ಯ ಜನ, ಅವನ ಮನಸ್ಸಿನಲ್ಲಿತ್ತು. ಬಣ ಸೇರದಿರುವುದೇ ಅಳತೆಯಾದರೆ ಸ್ವಿಟ್ಜರ್‌ಲೆಂಡ್, ಸ್ವೀಡನ್‌ಗಳೂ ಅಲ್ಲಿಗೇ ಬರಬೇಕು. ಓದಿದವರು ಅದನ್ನು ರೈಲಿನ ಮೂರನೇ ದರ್ಜೆ ಎಂದುಕೊಂಡರು. 1991ರಲ್ಲಿ ಸೋವಿಯತ್ ಒಕ್ಕೂಟ ಕರಗಿ ಎರಡನೆಯದು, ಅಂದರೆ ಕಮ್ಯುನಿಸ್ಟ್ ಬಣ, ಕ್ಯೂ ಬಿಟ್ಟು ಹೋಯಿತು. ಮೂರನೆಯದಕ್ಕೆ ಬಡ್ತಿ ಸಿಗಲಿಲ್ಲ.

ಮತ್ತೆ ದಿಕ್ಕಿಗೇ ಮರಳಿದರು, ಈ ಸಲ ಉತ್ತರ ಮತ್ತು ದಕ್ಷಿಣ. ಪಶ್ಚಿಮ ಜರ್ಮನಿಯ ಮಾಜಿ ಚಾನ್ಸಲರ್ ವಿಲಿ ಬ್ರಾಂಟ್ ಆಯೋಗದ 1980ರ ವರದಿಯ ಗೆರೆಯನ್ನು ಪೆನ್ಸಿಲಿನಿಂದ ನೀವೇ ಎಳೆದು ನೋಡಿ. 30 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿ ಶುರುಮಾಡಿ ಶ್ರೀಮಂತರು ಮೇಲೆ, ಬಡವರು ಕೆಳಗೆ ಬರುವಂತೆ ಏರಿಳಿಸುತ್ತ ಹೋಗಿ. ಚೀನಾವನ್ನೂ ಅದರ ನೆತ್ತಿಯ ಮೇಲಿರುವ ಮಂಗೋಲಿಯಾವನ್ನೂ ದಕ್ಷಿಣಕ್ಕೆ ಹಾಕಲು ಕೈ ಮೇಲೆತ್ತಬೇಕು. ಪೆಸಿಫಿಕ್ ಸಾಗರ ಬಂದ ಕೂಡಲೇ ಪೆನ್ಸಿಲ್ ದಡಕ್ಕನೆ ಸಮಭಾಜಕ ವೃತ್ತ ದಾಟಿ ಕೆಳಗಿಳಿದು, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳನ್ನು ಬಲೆಯಲ್ಲಿ ಮೀನೆತ್ತಿದಂತೆ ಉತ್ತರಕ್ಕೆ ಎತ್ತಿಕೊಳ್ಳಬೇಕು.

ಈ ಆಸ್ಟ್ರೇಲಿಯಾವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಲ್ಯಾಟಿನ್ನಿನಲ್ಲಿ ಆ ಹೆಸರಿನ ಅರ್ಥವೇ ದಕ್ಷಿಣದ್ದು ಎಂದು. ಬ್ರಾಂಟ್ ಗೆರೆಯಲ್ಲಿ ಅದು ಉತ್ತರ. ಸಿಡ್ನಿ ಟೋಕಿಯೋಗಿಂತ ಸುಮಾರು 11 ಡಿಗ್ರಿ ಪೂರ್ವಕ್ಕಿದೆ. ಆದರೆ ದೇಶ ಪಾಶ್ಚಾತ್ಯ, ಜಪಾನ್ ದೂರಪ್ರಾಚ್ಯ. ಫುಟ್‌ಬಾಲಿನಲ್ಲಿ 2006ರಲ್ಲಿ ಓಷಿಯಾನಿಯಾ ಬಿಟ್ಟು ಏಷ್ಯಾ ಒಕ್ಕೂಟ ಸೇರಿ, 2015ರ ಜನವರಿಯಲ್ಲಿ ಏಷ್ಯಾ ಕಪ್ ಗೆದ್ದಿತು. ಅದೇ ವರ್ಷ ಮೇ ತಿಂಗಳಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಯೂರೋಪಿನವರ ಜೊತೆ ನಿಂತು ಹಾಡಿತು. ವಿಶ್ವಸಂಸ್ಥೆಯಲ್ಲಿ ಸ್ಥಾನ ಹಂಚಲು ದೇಶಗಳನ್ನು ಪ್ರದೇಶವಾರು ಗುಂಪು ಮಾಡಿದ್ದಾರೆ. ಅದರಲ್ಲಿ ಒಂದು ಗುಂಪಿನ ಹೆಸರು ‘ಪಶ್ಚಿಮ ಯೂರೋಪ್ ಮತ್ತು ಇತರರು’. ಆಸ್ಟ್ರೇಲಿಯಾ ಅಲ್ಲಿ ‘ಇತರರು’.