ಪಕ್ಕದಲ್ಲೇ ಕೂತು ‘ಆಫ್‌ಲೈನ್’ ಆಗುವ ಯಂತ್ರ

ಪ್ರಿಂಟರ್ ಮೇಜಿನ ಮೇಲೇ ಇದೆ. ದೀಪ ಉರಿಯುತ್ತಿದೆ, ಟ್ರೇಯಲ್ಲಿ ಹಾಳೆ ಇದೆ, ಕೈ ಚಾಚಿದರೆ ಮುಟ್ಟಬಹುದು. ಆದರೂ ಕಂಪ್ಯೂಟರ್ ಪರದೆ ‘ಪ್ರಿಂಟರ್ ಆಫ್‌ಲೈನ್’ ಎನ್ನುತ್ತದೆ. ಆಗ ಮನುಷ್ಯಮಾತ್ರದವರು ಮಾಡುವ ಮೊದಲ ಕೆಲಸ, ಇನ್ನೊಮ್ಮೆ ಪ್ರಿಂಟ್ ಒತ್ತುವುದು. ಎರಡನೆಯದು, ಇನ್ನೂ ಜೋರಾಗಿ ಒತ್ತುವುದು. ಮೌಸ್‌ಗೆ ಬಿದ್ದ ಏಟು ಪ್ರಿಂಟರ್‌ಗೆ ತಾಗುವುದಿಲ್ಲ ಎಂಬುದು ಗೊತ್ತಿದ್ದೂ ಒತ್ತುತ್ತೇವೆ.

ಪ್ರಿಂಟರ್‌ನ ಸಂದೇಶಗಳು ಸುಳ್ಳೇನಲ್ಲ. ಆದರೆ ಹೇಳಿದವರು ಯಾರು, ಅವರಿಗೆ ಗೊತ್ತಿರುವುದೆಷ್ಟು ಎಂದು ನೋಡಬೇಕು. ‘ಆಫ್‌ಲೈನ್’ ಎಂದದ್ದು ಪ್ರಿಂಟರ್ ಅಲ್ಲ, ಕಂಪ್ಯೂಟರ್. ತಾನು ಹುಡುಕಿಕೊಂಡು ಹೋದ ವಿಳಾಸದಲ್ಲಿ ಯಾರೂ ಓಗೊಡಲಿಲ್ಲ ಎನ್ನುವುದಷ್ಟೇ ಅದರ ದೂರು. ‘ಪೇಪರ್ ಜಾಮ್’ ಎಂದರೆ ಒಳಗಿನ ಒಂದು ಪ್ಲಾಸ್ಟಿಕ್ ಕಡ್ಡಿ ಇರಬೇಕಾದ ಕಡೆ ಇಲ್ಲ ಎಂದು. ‘ಇಂಕ್ ಕಡಿಮೆ ಇದೆ’ ಎನ್ನುವುದು ಬಹುಪಾಲು ಯಂತ್ರಗಳಲ್ಲಿ ಹನಿಗಳ ಲೆಕ್ಕದಿಂದ ಮಾಡಿದ ಅಂದಾಜು. ಒಳಗೆ ಇಣುಕಿ ನೋಡಿ ಹೇಳಿದ ಮಾತಲ್ಲ.

ಹಾಗಾಗಿ ಮೊದಲ ಪರೀಕ್ಷೆಯನ್ನು ಕಂಪ್ಯೂಟರ್ ಮುಟ್ಟದೆ ಮಾಡಿ. ಸ್ಕ್ಯಾನರ್ ಇರುವ ಪ್ರಿಂಟರಾದರೆ ಗಾಜಿನ ಮೇಲೆ ಏನನ್ನಾದರೂ ಇಟ್ಟು ಕಾಪಿ ಬಟನ್ ಒತ್ತಿ. ಇಲ್ಲದಿದ್ದರೆ ಅದರದೇ ಮೆನುವಿನಿಂದ ಪರೀಕ್ಷಾ ಹಾಳೆ ತೆಗೆಸಿ. ಅದು ಸರಿಯಾಗಿ ಬಂದರೆ ಕಾಗದ, ಇಂಕ್, ರೋಲರ್ ಮೂವರೂ ನಿರಪರಾಧಿಗಳು; ತಪ್ಪು ಕೇಬಲ್, ವೈಫೈ ಅಥವಾ ಕಂಪ್ಯೂಟರ್‌ನದು. ಬರದೇ ಹೋದರೆ ಡ್ರೈವರ್ (ಪ್ರಿಂಟರ್ ಜೊತೆ ಮಾತಾಡಲು ಕಂಪ್ಯೂಟರ್‌ಗೆ ಬೇಕಾದ ತಂತ್ರಾಂಶ) ಕಿತ್ತು ಮತ್ತೆ ಹಾಕುವುದು, ವಿಂಡೋಸ್ ಅಪ್‌ಡೇಟ್ ಮಾಡುವುದು ಎಲ್ಲವೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ಒಂದು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟು ಮೂರು ತಾಸು ಡ್ರೈವರ್ ಹುಡುಕುವವರೇ ಲೋಕದಲ್ಲಿ ಹೆಚ್ಚು.

ಹೊಸ ಪ್ರಿಂಟರ್ ತೊಂದರೆ ಕೊಡುವುದು ಹೆಚ್ಚಾಗಿ ಟೇಪಿನಿಂದ. ಸಾಗಣೆಯಲ್ಲಿ ಅಲುಗಾಡದಿರಲೆಂದು ಕಂಪನಿಯವರು ಬಣ್ಣದ ಟೇಪು ಹಚ್ಚಿರುತ್ತಾರೆ. ಹೊರಗಿನದು ಎಲ್ಲರಿಗೂ ಕಾಣುತ್ತದೆ. ಮುಚ್ಚಳ ಎತ್ತಿದರೆ ಒಳಗೆ ಇನ್ನೆರಡು, ಕಾರ್ಟ್ರಿಜ್ ಕೂರುವ ಬಂಡಿಯ ಪಕ್ಕದಲ್ಲಿ ಒಂದು, ಟ್ರೇಯ ಕೆಳಗೆ ಮತ್ತೊಂದು ಅಡಗಿರುತ್ತವೆ. ಅವುಗಳಲ್ಲಿ ಒಂದು ಉಳಿದರೂ ಸ್ವಿಚ್ ಹಾಕಿದ ತಕ್ಷಣ ಬಂಡಿ ಕಟಕಟ ಸದ್ದು ಮಾಡಿ ನಿಲ್ಲುತ್ತದೆ, ಪರದೆಯಲ್ಲಿ ಯಾವುದೋ ದೋಷಸಂಖ್ಯೆ ಬರುತ್ತದೆ. ಕಾರ್ಟ್ರಿಜ್‌ನ ಮೂತಿಯ ಮೇಲಿರುವ ಪಾರದರ್ಶಕ ಟೇಪನ್ನು, ಅದರ ಬಾಲ ಹಿಡಿದು, ಕಿತ್ತೇ ಕೀಳಬೇಕು. ಪಕ್ಕದ ತಾಮ್ರಬಣ್ಣದ ಪಟ್ಟಿ ಟೇಪಿನಂತೆ ಕಂಡರೂ ಟೇಪಲ್ಲ, ವಿದ್ಯುತ್ ಸಂಪರ್ಕ. ಉತ್ಸಾಹದಲ್ಲಿ ಅದನ್ನೂ ಕಿತ್ತವರು ಹೊಸ ಕಾರ್ಟ್ರಿಜ್ ಕೊಳ್ಳಬೇಕು.

ಟ್ಯಾಂಕ್ ಇರುವ ಪ್ರಿಂಟರಾದರೆ ಇಂಕ್ ತುಂಬಿದ ಮೇಲೆ ಅದು ಬಹಳ ಹೊತ್ತು ಗುರುಗುಡುತ್ತದೆ. ಟ್ಯಾಂಕಿನಿಂದ ಇಂಕ್ ಚಿಮ್ಮಿಸುವ ಹೆಡ್‌ವರೆಗಿನ ಸಣ್ಣ ಕೊಳವೆಗಳನ್ನು ತುಂಬಿಸಿಕೊಳ್ಳುವ ಹೊತ್ತು ಅದು. ‘ಇನ್ನೂ ಮುಗಿಯಲಿಲ್ಲವಲ್ಲ’ ಎಂದು ನಡುವೆ ಸ್ವಿಚ್ ಆರಿಸಿದರೆ ಕೊಳವೆಯಲ್ಲಿ ಗಾಳಿ ಉಳಿಯುತ್ತದೆ, ಆಮೇಲೆ ಗೆರೆಗೆರೆಯಾಗಿ ಅಚ್ಚಾಗುತ್ತದೆ. ತುಂಬಿದ ಇಂಕಿನ ಮಟ್ಟ ಒಂದು ಹಾಳೆಯನ್ನೂ ಮುದ್ರಿಸದೆ ಇಳಿದದ್ದು ಕಂಡು ಸೋರಿಕೆ ಹುಡುಕಬೇಡಿ. ಅದು ಕೊಳವೆಗೆ ಹೋಗಿದೆ. ಯುಎಸ್‌ಬಿ ಕೇಬಲ್ ಅನ್ನು ಸಾಫ್ಟ್‌ವೇರ್ ‘ಈಗ ಜೋಡಿಸಿ’ ಎಂದಾಗಲೇ ಜೋಡಿಸಿ. ಮೊದಲೇ ಚುಚ್ಚಿದರೆ ವಿಂಡೋಸ್ ತನ್ನ ಬಳಿಯಿರುವ ಯಾವುದೋ ಸಾಮಾನ್ಯ ಡ್ರೈವರ್ ತೊಡಿಸುತ್ತದೆ. ಮುದ್ರಣ ನಡೆಯುತ್ತದೆ, ಸ್ಕ್ಯಾನರ್ ಮಾತ್ರ ನಾಪತ್ತೆ. ಅಂದಹಾಗೆ ಪೆಟ್ಟಿಗೆಯಲ್ಲಿ ಆ ಕೇಬಲ್ ಇರುತ್ತದೆಂಬ ಭರವಸೆಯೂ ಬೇಡ. ಬೇಕಾದದ್ದು ಒಂದು ತುದಿ ಚಪ್ಪಟೆ, ಇನ್ನೊಂದು ತುದಿ ಹೆಚ್ಚುಕಡಿಮೆ ಚೌಕಾಕಾರದ್ದು; ಉದ್ದ 5 ಮೀಟರ್ ಮೀರಬಾರದು.

ವೈಫೈ ವಿಷಯ ಬೇರೆಯೇ. ಮನೆಬಳಕೆಯ ಬಹಳಷ್ಟು ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ತರಂಗ ಮಾತ್ರ ಗೊತ್ತು. ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಕೊಡುವ ಹೆಸರು ಅವುಗಳ ಪಟ್ಟಿಯಲ್ಲಿ ಬರುವುದೇ ಇಲ್ಲ. ರೂಟರ್ ಎರಡಕ್ಕೂ ಒಂದೇ ಹೆಸರಿಟ್ಟಿದ್ದು ಜೋಡಣೆ ಪದೇಪದೇ ಸೋಲುತ್ತಿದ್ದರೆ ಜೋಡಿಸುವ ಹೊತ್ತಿಗೆ 5 ಅನ್ನು ಆಫ್ ಮಾಡಿಡಿ, ಆಮೇಲೆ ಮತ್ತೆ ಹಾಕಿ. ರೂಟರ್‌ನ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಹಳೆಯ ಪ್ರಿಂಟರ್‌ಗಳು ಒಳಗೆ ಬರಲಾರವು. ಡಬ್ಲ್ಯುಪಿಎ2 ಮತ್ತು 3 ಬೆರೆತ ಆಯ್ಕೆ ಇದ್ದರೆ ಅದನ್ನು ಹಾಕಿ. ಗೆಸ್ಟ್ ನೆಟ್‌ವರ್ಕ್‌ಗೆ ಪ್ರಿಂಟರ್ ಜೋಡಿಸಿದರೆ ಅದಕ್ಕೆ ಇಂಟರ್‌ನೆಟ್ ಸಿಗುತ್ತದೆ, ನಿಮ್ಮ ಕಂಪ್ಯೂಟರ್ ಸಿಗುವುದಿಲ್ಲ. ಅತಿಥಿಗಳನ್ನು ಮನೆಯವರಿಂದ ದೂರ ಇಡುವುದೇ ಆ ನೆಟ್‌ವರ್ಕ್‌ನ ಉದ್ಯೋಗ.

ಎರಡು ಸಾಲಿನ ಪುಟ್ಟ ಪರದೆಯಲ್ಲಿ ಬಾಣದ ಗುರುತು ಒತ್ತೊತ್ತಿ ಪಾಸ್‌ವರ್ಡ್ ಬರೆಯುವುದು ತಪಸ್ಸು. ಸಣ್ಣಕ್ಷರ ಮುಗಿದ ಮೇಲೆ ದೊಡ್ಡಕ್ಷರ, ಅದಾದ ಮೇಲೆ ಅಂಕಿ, ಬೇಕಾದ ಚಿಹ್ನೆ ಕೊನೆಯಲ್ಲಿ, ಅವಸರದಲ್ಲಿ ಒಮ್ಮೆ ಹೆಚ್ಚಿಗೆ ಒತ್ತಿದರೆ ಮತ್ತೆ ಪ್ರದಕ್ಷಿಣೆ. ಉದ್ದ ಪಾಸ್‌ವರ್ಡ್ ಇಟ್ಟವರ ಭದ್ರತಾಪ್ರಜ್ಞೆಗೆ ಸಿಗುವ ಶಿಕ್ಷೆ ಇದೇ. ರೂಟರ್‌ನಲ್ಲಿ ಪಾಸ್‌ವರ್ಡ್ ಬರೆಯದೆ ಜೋಡಿಸುವ ಡಬ್ಲ್ಯುಪಿಎಸ್ ಬಟನ್ ಇದ್ದರೆ ಅದನ್ನೊತ್ತಿ, 2 ನಿಮಿಷದೊಳಗೆ ಪ್ರಿಂಟರ್‌ನದನ್ನೂ ಒತ್ತಿದರೆ ಈ ಕಷ್ಟವಿಲ್ಲ. ರೂಟರ್ ಮಹಡಿಯ ಮೇಲೆ, ಪ್ರಿಂಟರ್ ಕೆಳಗೆ ಇದ್ದರೆ ಓಡಬೇಕಾಗುತ್ತದೆ ಅಷ್ಟೆ.

ಈಗ ಆ ‘ಆಫ್‌ಲೈನ್’ಗೆ ಬರೋಣ. ಜೋಡಿಸಿದ ದಿನ ಚೆನ್ನಾಗಿದ್ದ ಪ್ರಿಂಟರ್ ಕೆಲವು ದಿನಗಳ ಮೇಲೆ ಕಾಣೆಯಾಗುವುದಕ್ಕೆ ಮುಖ್ಯ ಕಾರಣ, ರೂಟರ್ ಅದಕ್ಕೆ ಹೊಸ ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನೊಳಗಿನ ಮನೆನಂಬರು, ಕೊಟ್ಟಿರುವುದು. ಕಂಪ್ಯೂಟರ್ ಹಳೆಯ ವಿಳಾಸದ ಬಾಗಿಲು ತಟ್ಟುತ್ತಾ ನಿಂತಿರುತ್ತದೆ. ಪ್ರಿಂಟರ್‌ನಿಂದ ನೆಟ್‌ವರ್ಕ್ ವಿವರದ ಹಾಳೆ ತೆಗೆಸಿ, ಅದರಲ್ಲಿರುವ ವಿಳಾಸವನ್ನೂ ಕಂಪ್ಯೂಟರ್‌ನ ಪ್ರಿಂಟರ್ ಪ್ರಾಪರ್ಟೀಸ್‌ನ ಪೋರ್ಟ್ಸ್ ಪುಟದಲ್ಲಿರುವುದನ್ನೂ ಹೋಲಿಸಿ. ವಿಳಾಸ 169.254 ಎಂದು ಶುರುವಾದರೆ ಪ್ರಿಂಟರ್‌ಗೆ ರೂಟರ್ ಏನನ್ನೂ ಕೊಟ್ಟಿಲ್ಲ, ತಾನೇ ಒಂದನ್ನು ಇಟ್ಟುಕೊಂಡಿದೆ ಎಂದರ್ಥ. ಆಗ ವೈಫೈ ಜೋಡಣೆಯನ್ನೇ ಮತ್ತೆ ಮಾಡಬೇಕು. ಬರೀ ಬದಲಾಗಿದ್ದರೆ ರೂಟರ್‌ನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಆ ಪ್ರಿಂಟರ್‌ಗೆ ಒಂದು ವಿಳಾಸ ಕಾಯ್ದಿರಿಸಿ, ಕಂಪ್ಯೂಟರ್‌ನಲ್ಲಿ ಅದೇ ವಿಳಾಸಕ್ಕೆ ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’ ಮಾಡಿಕೊಡಿ. ಇಷ್ಟಾದರೂ ಆಫ್‌ಲೈನ್ ಎಂದರೆ ಅದೇ ಪೋರ್ಟ್‌ನ ಕಾನ್ಫಿಗರ್ ಪುಟದಲ್ಲಿ ‘ಎಸ್‌ಎನ್‌ಎಂಪಿ ಸ್ಟೇಟಸ್’ ಎಂಬ ಗುರುತು ತೆಗೆದುಬಿಡಿ. ಕಂಪ್ಯೂಟರ್ ಆ ಭಾಷೆಯಲ್ಲಿ ಕ್ಷೇಮ ವಿಚಾರಿಸುತ್ತದೆ. ಪ್ರಿಂಟರ್ ಅದಕ್ಕೆ ಉತ್ತರ ಕೊಡದಿದ್ದರೆ ಸತ್ತಿದೆ ಎಂದು ತೀರ್ಮಾನಿಸಿಬಿಡುತ್ತದೆ.

ಪಟ್ಟಿಯಲ್ಲಿ ಒಂದೇ ಪ್ರಿಂಟರ್ ‘ಕಾಪಿ 1’ ಎಂಬ ಬಾಲದೊಂದಿಗೆ ಇನ್ನೊಮ್ಮೆ ಕಾಣುತ್ತಿದ್ದರೆ ಎರಡರಲ್ಲಿ ಒಂದು ಹಳೆಯ ಪೋರ್ಟ್‌ನ ಪ್ರೇತ. ಮಸುಕಾಗಿರುವುದನ್ನು ತೆಗೆದುಹಾಕಿ. ‘ಡೀಫಾಲ್ಟ್ ಪ್ರಿಂಟರನ್ನು ವಿಂಡೋಸ್ ನೋಡಿಕೊಳ್ಳಲಿ’ ಎಂಬ ಆಯ್ಕೆಯನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಕೊನೆಯ ಸಲ ಬಳಸಿದ್ದೇ ಡೀಫಾಲ್ಟ್. ನಿನ್ನೆ ಏನನ್ನೋ ಪಿಡಿಎಫ್ ಮಾಡಿದ್ದಿರಿ ಎನ್ನಿ, ಇವತ್ತು ಪ್ರಿಂಟ್ ಒತ್ತಿದರೆ ಕಾಗದದ ಬದಲು ‘ಫೈಲ್ ಎಲ್ಲಿ ಉಳಿಸಲಿ?’ ಎಂಬ ಪ್ರಶ್ನೆ ಬರುತ್ತದೆ.

ಮೊದಲು ಎಂಟು ಸಲ ಒತ್ತಿದಿರಲ್ಲ, ಆ ಎಂಟೂ ಎಲ್ಲೂ ಹೋಗಿಲ್ಲ. ಸಾಲಿನಲ್ಲಿ ನಿಂತಿವೆ. ಎಲ್ಲ ಸರಿಯಾದ ಕ್ಷಣದಲ್ಲಿ ಎಂಟು ಪ್ರತಿಗಳೂ ಒಂದರ ಹಿಂದೊಂದು ಬರುತ್ತವೆ. ಸಾಲಿನ ಮೊದಲನೆಯದು ಕೆಟ್ಟಿದ್ದರೆ ಹಿಂದಿನವೆಲ್ಲ ನಿಲ್ಲುತ್ತವೆ. ಅಳಿಸಲು ಹೋದರೆ ‘ಡಿಲೀಟಿಂಗ್’ ಎಂದು ಸಂಜೆಯವರೆಗೂ ತೋರಿಸುತ್ತದೆ, ಅಳಿಸುವುದಿಲ್ಲ. ವಿಂಡೋಸ್‌ನಲ್ಲಿ ಸರ್ವಿಸಸ್ ತೆರೆದು ಈ ಸಾಲನ್ನು ನಡೆಸುವ ‘ಪ್ರಿಂಟ್ ಸ್ಪೂಲರ್’ ನಿಲ್ಲಿಸಿ. ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಅದರಲ್ಲಿ ಸಿಸ್ಟಮ್32, ಅದರಲ್ಲಿ ಸ್ಪೂಲ್, ಅದರಲ್ಲಿ ಪ್ರಿಂಟರ್ಸ್. ಇದರ ಒಳಗಿರುವ ಫೈಲುಗಳನ್ನಷ್ಟೇ ಅಳಿಸಿ, ಫೋಲ್ಡರನ್ನಲ್ಲ. ಆಮೇಲೆ ಸ್ಪೂಲರ್ ಮತ್ತೆ ಶುರು ಮಾಡಿ. ಮ್ಯಾಕ್‌ನವರಿಗೆ ಪ್ರಿಂಟರ್ ಪಟ್ಟಿಯ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದರೆ ‘ರಿಸೆಟ್ ಪ್ರಿಂಟಿಂಗ್ ಸಿಸ್ಟಮ್’ ಸಿಗುತ್ತದೆ. ಅದು ಎಲ್ಲ ಪ್ರಿಂಟರ್‌ಗಳನ್ನೂ ಪಟ್ಟಿಯಿಂದ ಕಿತ್ತುಹಾಕುವುದರಿಂದ ಕೊನೆಯ ಅಸ್ತ್ರವಾಗಿ ಇಟ್ಟುಕೊಳ್ಳಿ.

ಕಾಗದದ ಜಗಳ ಇದಕ್ಕಿಂತ ಹಳೆಯದು. ಹಳೆಯ ಎಚ್‌ಪಿ ಲೇಸರ್‌ಜೆಟ್‌ಗಳ ಪರದೆಯಲ್ಲಿ ‘ಪಿಸಿ ಲೋಡ್ ಲೆಟರ್’ ಎಂದು ಬರುತ್ತಿತ್ತು. ಓದಿದವರು ಕಂಪ್ಯೂಟರ್‌ಗೂ ಪತ್ರಕ್ಕೂ ಏನು ಸಂಬಂಧ ಎಂದು ತಲೆ ಕೆರೆದುಕೊಂಡರು. ಪಿಸಿ ಎಂದರೆ ಅಲ್ಲಿ ಪೇಪರ್ ಕ್ಯಾಸೆಟ್, ಅಂದರೆ ಟ್ರೇ. ಲೆಟರ್ ಎಂದರೆ ಅಮೆರಿಕದ ಕಾಗದದ ಅಳತೆ. ಟ್ರೇಗೆ ಲೆಟರ್ ಅಳತೆಯ ಹಾಳೆ ಹಾಕಿ ಎನ್ನುವುದಕ್ಕೆ ಇಷ್ಟು ಒಗಟು. ಆ ಸಂದೇಶ ಹೋಯಿತು, ಜಗಳ ಉಳಿಯಿತು. ಲೆಟರ್ 216 ಮಿ.ಮೀ. ಅಗಲ, 279 ಉದ್ದ. ಎ4 ಅಗಲ 210, ಉದ್ದ 297. ಸಾಫ್ಟ್‌ವೇರ್ ಲೆಟರ್ ಎಂದುಕೊಂಡು, ಟ್ರೇಯಲ್ಲಿ ಎ4 ಇದ್ದರೆ ಪ್ರಿಂಟರ್ ದೀಪ ಮಿಟುಕಿಸುತ್ತಾ ನಿಲ್ಲುತ್ತದೆ, ಇಲ್ಲವೇ ಪಕ್ಕದ ಅಕ್ಷರ ಕತ್ತರಿಸುತ್ತದೆ. ಅಳತೆಯನ್ನು ಮೂರು ಕಡೆ ನೋಡಬೇಕು: ಡಾಕ್ಯುಮೆಂಟ್‌ನ ಪೇಜ್ ಸೆಟಪ್, ಡ್ರೈವರ್‌ನ ಪ್ರಿಂಟಿಂಗ್ ಪ್ರಿಫರೆನ್ಸಸ್, ಪ್ರಿಂಟರ್‌ನ ಟ್ರೇ ಸೆಟ್ಟಿಂಗ್. ಎರಡು ಸರಿಯಿದ್ದು ಒಂದು ತಪ್ಪಿದ್ದರೂ ಬಹುಮತಕ್ಕೆ ಬೆಲೆಯಿಲ್ಲ.

ಪ್ರಾಮಾಣಿಕ ಸಂದೇಶವೆಂದರೆ ಲಿನಕ್ಸ್ ಎಂಬ, ವಿಂಡೋಸ್‌ನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್‌ನದು. ಹಳೆಯ ಪ್ಯಾರಲಲ್ ಪೋರ್ಟ್ ಪ್ರಿಂಟರ್ ಏನೋ ದೋಷವಿದೆ ಎಂದು, ಆದರೆ ಕಾಗದವೂ ಮುಗಿದಿಲ್ಲ, ಆಫ್‌ಲೈನೂ ಅಲ್ಲ ಎಂದರೆ ಅದರ ಡ್ರೈವರ್ ಬರೆಯುತ್ತಿದ್ದುದು ‘ಎಲ್‌ಪಿ0 ಆನ್ ಫೈರ್’ ಎಂದು, ಅಂದರೆ ಪ್ರಿಂಟರ್‌ಗೆ ಬೆಂಕಿ ಬಿದ್ದಿದೆ. ಬೇರೆ ಕಾರಣ ತೋಚದಿದ್ದಾಗ ಇಷ್ಟು ನೇರವಾಗಿ ಹೇಳುವ ಧೈರ್ಯ ಈಗಿನವಕ್ಕಿಲ್ಲ.

ಹಾಳೆ ಸಿಕ್ಕಿಕೊಂಡರೆ ಮೊದಲು ಪವರ್ ಆರಿಸಿ, ಹಿಂದಿನ ಬಾಗಿಲು ತೆಗೆದು, ಎರಡೂ ಕೈಯಿಂದ, ಹಾಳೆ ಸಾಗುವ ದಿಕ್ಕಿನಲ್ಲೇ ನಿಧಾನವಾಗಿ ಎಳೆಯಿರಿ. ಕಾಣುವ ತುದಿಯನ್ನು ಹಿಡಿದು ಮುಂದಿನಿಂದ ಜಗ್ಗಿದರೆ ಹಾಳೆ ಹರಿದು, ಉಗುರಿನಷ್ಟು ಚೂರು ಒಳಗುಳಿಯುತ್ತದೆ. ಆ ಚೂರು ಸೆನ್ಸರ್ ಕಡ್ಡಿಯನ್ನು ಒತ್ತಿ ಹಿಡಿದರೆ ಇಲ್ಲದ ಹಾಳೆಯ ಜಾಮ್ ಬರುತ್ತಲೇ ಇರುತ್ತದೆ. ಲೇಸರ್ ಪ್ರಿಂಟರ್‌ನಲ್ಲಿ ಕೈ ಹಾಕುವ ಮುಂಚೆ ತಣಿಯಲು ಬಿಡಿ. ಟೋನರ್ ಪುಡಿಯನ್ನು ಕರಗಿಸಿ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಹಿಂದಿನಿಂದ ಹಾಳೆ ನಿಲ್ಲಿಸುವ ಇಂಕ್‌ಜೆಟ್‌ಗಳ ಬಾಯಿ ಸದಾ ತೆರೆದೇ ಇರುತ್ತದೆ. ಹೇರ್‌ಪಿನ್, ಪೆನ್ನಿನ ಕ್ಯಾಪ್, ನಾಣ್ಯ ಏನೇ ಬಿದ್ದರೂ ಅದು ನುಂಗುತ್ತದೆ, ಹೇಳುವುದು ಮಾತ್ರ ‘ಪೇಪರ್ ಜಾಮ್’. ಟಾರ್ಚ್ ಹಾಕಿ ನೋಡಿ. ಹಾಳೆಯನ್ನು ಎಳೆದುಕೊಳ್ಳದೆ ರೋಲರ್ ಸುಮ್ಮನೆ ತಿರುಗಿದರೆ ರಬ್ಬರಿನ ಮೇಲೆ ಕಾಗದದ ಧೂಳು ಕೂತಿದೆ. ನೂಲು ಬಿಡದ ಬಟ್ಟೆಯನ್ನು ನೀರಲ್ಲಿ ಅದ್ದಿ ಹಿಂಡಿ ಒರೆಸಿದರೆ ಸಾಕು. ತೇವ ಹೀರಿದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು ಮೂರು ಒಟ್ಟಿಗೆ ಹೊರಡುತ್ತವೆ. ಟ್ರೇಗೆ ಹಾಕುವ ಮುನ್ನ ಕಟ್ಟನ್ನು ಬಿಡಿಸಿ ಬೀಸಿ, ಉಳಿದದ್ದನ್ನು ಸುತ್ತಿದ ಹೊದಿಕೆಯಲ್ಲೇ ಇಡಿ.

ಇಂಕ್‌ಜೆಟ್‌ಗೆ ದೊಡ್ಡ ಶತ್ರು ಬಳಕೆಯಲ್ಲ, ಬಳಸದಿರುವುದು. ತೂತುಗಳಲ್ಲಿ ಇಂಕ್ ಒಣಗುತ್ತದೆ. ವಾರಕ್ಕೊಮ್ಮೆ ಎಲ್ಲ ಬಣ್ಣವಿರುವ ಒಂದು ಹಾಳೆ ತೆಗೆಯಿರಿ. ಆರಿಸುವಾಗ ಪ್ರಿಂಟರ್‌ನದೇ ಬಟನ್ ಒತ್ತಿ; ಅದು ಹೆಡ್ಡನ್ನು ಮೂಲೆಗೆ ಒಯ್ದು ಮುಚ್ಚಳ ಹಾಕಿ ಮಲಗುತ್ತದೆ. ಗೋಡೆಯ ಸ್ವಿಚ್ ಆರಿಸಿದರೆ ಎಲ್ಲಿತ್ತೋ ಅಲ್ಲೇ, ಬಾಯಿ ತೆರೆದು ಒಣಗುತ್ತದೆ. ಗೆರೆ ಬಂದರೆ ಮೊದಲು ನಾಝಲ್ ಚೆಕ್ (ತೂತುಗಳ ಪರೀಕ್ಷಾ ಹಾಳೆ), ಆಮೇಲೆ ಬೇಕಿದ್ದರೆ ಹೆಡ್ ಕ್ಲೀನಿಂಗ್. ಆ ಪರೀಕ್ಷೆಯ ಹಳದಿ ಗೆರೆಗಳು ಬಿಳಿ ಹಾಳೆಯಲ್ಲಿ ಕಾಣದೆ ‘ಹಳದಿ ಬಂದೇ ಇಲ್ಲ’ ಎಂದು ಕ್ಲೀನಿಂಗ್ ಮಾಡಿಸುವವರಿದ್ದಾರೆ. ನೀಲಿ ಬೆಳಕಿನಲ್ಲಿ ಹಿಡಿದರೆ ಗೆರೆ ಕಪ್ಪಾಗಿ ಕಾಣುತ್ತದೆ. ಎರಡು ಮೂರು ಕ್ಲೀನಿಂಗ್‌ಗೂ ಬಗ್ಗದಿದ್ದರೆ ಒಂದು ರಾತ್ರಿ ಬಿಟ್ಟು ಮತ್ತೆ ನೋಡಿ. ಹಟ ಹಿಡಿದು ಹತ್ತು ಸಲ ಮಾಡಿದರೆ ಇಂಕ್ ಮುಗಿಯುವುದಷ್ಟೇ ಅಲ್ಲ, ಆ ಇಂಕೆಲ್ಲ ಒಳಗಿನ ಸ್ಪಂಜಿಗೆ ಹೋಗುತ್ತದೆ. ಅದರ ಲೆಕ್ಕ ತುಂಬಿದ ದಿನ ಯಂತ್ರ ಮುದ್ರಣವನ್ನೇ ನಿಲ್ಲಿಸುತ್ತದೆ.

ಲೇಸರ್‌ನವರಿಗೆ ಒಣಗುವ ಚಿಂತೆಯಿಲ್ಲ, ಟೋನರ್ ಹೇಗೂ ಪುಡಿಯೇ. ಒಂದೇ ಕಲೆ ಹಾಳೆಯುದ್ದಕ್ಕೂ ಸಮದೂರದಲ್ಲಿ ಮರುಕಳಿಸಿದರೆ ಸ್ಕೇಲ್ ಇಟ್ಟು ಅಳೆಯಿರಿ. ಆ ದೂರ ಯಾವುದೋ ರೋಲರ್ ಅಥವಾ ಡ್ರಮ್‌ನ ಸುತ್ತಳತೆ, ಅಪರಾಧಿ ಅದೇ. ಕಾಪಿ ಮಾಡುವಾಗ ಮಾತ್ರ, ಅದೂ ಮೇಲಿನ ಫೀಡರ್‌ನಿಂದ ಹಾಕಿದಾಗ ಮಾತ್ರ ಉದ್ದಗೆರೆ ಬಂದರೆ ದೊಡ್ಡ ಗಾಜನ್ನು ಉಜ್ಜಿ ಪ್ರಯೋಜನವಿಲ್ಲ. ಅದರ ಪಕ್ಕದ ಬೆರಳಗಲದ ಗಾಜಿನ ಪಟ್ಟಿಯ ಮೇಲೆ ಒಂದು ಚುಕ್ಕೆ ಕೊಳೆ ಇರುತ್ತದೆ.

ಎಲ್ಲಕ್ಕಿಂತ ಭಯ ಹುಟ್ಟಿಸುವುದು, ಹಾಳೆಗೊಂದು ಸಾಲು ಅರ್ಥವಿಲ್ಲದ ಚಿಹ್ನೆ ಅಚ್ಚುಮಾಡಿ ಟ್ರೇ ಖಾಲಿ ಮಾಡುವ ಪ್ರಿಂಟರ್. ದೆವ್ವ ಹಿಡಿದದ್ದಲ್ಲ, ಡ್ರೈವರ್ ತಪ್ಪು, ಚಿತ್ರದ ಸೂಚನೆಗಳನ್ನು ಪ್ರಿಂಟರ್ ಅಕ್ಷರವೆಂದು ಓದುತ್ತಿದೆ. ಮೊದಲು ಟ್ರೇಯನ್ನೇ ಎಳೆದು ಹಾಳೆ ಉಳಿಸಿಕೊಳ್ಳಿ, ಆಮೇಲೆ ಕಂಪ್ಯೂಟರ್‌ನ ಸಾಲು ಖಾಲಿ ಮಾಡಿ, ಕೊನೆಗೆ ಪ್ರಿಂಟರ್ ಆರಿಸಿ. ಆರಿಸುವ ಕೆಲಸ ಮೊದಲು ಮಾಡಿದರೆ ಎದ್ದ ತಕ್ಷಣ ಕಂಪ್ಯೂಟರ್ ಮಿಕ್ಕದ್ದನ್ನು ಮತ್ತೆ ಕಳಿಸುತ್ತದೆ. ನಂತರ ಸರಿಯಾದ ಮಾದರಿಯ ಡ್ರೈವರ್ ಹಾಕಿ.

ಬ್ರೌಸರ್‌ನಿಂದ ಮುದ್ರಿಸಿದಾಗ ಕೊನೆಯಲ್ಲಿ ತಾರೀಖು, ವೆಬ್ ವಿಳಾಸ ಬಿಟ್ಟರೆ ಏನೂ ಇಲ್ಲದ ಒಂದು ಹಾಳೆ ಬರುತ್ತದಲ್ಲ, ಅದಕ್ಕೆ ಮಾತ್ರ ಪ್ರಿಂಟರನ್ನು ಬೈಯಬೇಡಿ. ಪ್ರಿಂಟ್ ಪ್ರಿವ್ಯೂನಲ್ಲಿ ಪುಟಗಳ ಸಂಖ್ಯೆ ನೋಡಿ ಕೊನೆಯದನ್ನು ಬಿಟ್ಟು ಕೊಟ್ಟರಾಯಿತು. ‘ಹೆಡರ್ಸ್ ಅಂಡ್ ಫೂಟರ್ಸ್’ ಗುರುತು ತೆಗೆದರೆ ವಿಳಾಸ ಹೋಗುತ್ತದೆ, ಹಾಳೆ ಪೂರ್ತಿ ಖಾಲಿ ಬರುತ್ತದೆ. ಅದನ್ನು ಮತ್ತೆ ಟ್ರೇಗೆ ಹಾಕಿಕೊಳ್ಳಬಹುದು.