ಒಂಟಿ ಓಲೆಗಳ ಒಡತಿ

ಕೈಯಿಂದ ಮಾಡಿದ ಒಡವೆ ಅಂದರೆ ಕೇಳುವುದಕ್ಕೆ ಸೊಗಸು. ಆ ಕೈ ಯಾವ ಸ್ಥಿತಿಯಲ್ಲಿದೆ ಅಂತ ಮಾತ್ರ ಯಾರೂ ವಿಚಾರಿಸುವುದಿಲ್ಲ. ನನ್ನ ಹೆಬ್ಬೆರಳು, ತೋರುಬೆರಳು ಈಗ ಫೋನಿನ ಲಾಕ್ ತೆಗೆಯುವುದಿಲ್ಲ. ಅರ ಹಾಕಿ, ಸ್ಯಾಂಡ್‌ಪೇಪರ್ ಉಜ್ಜಿ, ಬೆರಳಿನ ಗೆರೆಗಳೇ ಸವೆದುಹೋಗಿವೆ. ಫೋನು ನನ್ನನ್ನು ಕಳ್ಳಿ ಅಂತ ತೀರ್ಮಾನಿಸಿಬಿಟ್ಟಿದೆ. ಇಕ್ಕಳ, ಸುತ್ತಿಗೆ, ತಂತಿ, ಗರಗಸ ಎಲ್ಲ ಒಂದೇ ಚೀಲದಲ್ಲಿ ತುಂಬಿಕೊಂಡು ರಾತ್ರಿ ಮನೆಗೆ ಬರುವುದನ್ನು ನೋಡಿದ ಅಕ್ಕಪಕ್ಕದವರ ಅಭಿಪ್ರಾಯವೂ ಅದರ ಹತ್ತಿರ ಹತ್ತಿರವೇ ಇರಬೇಕು.

ಈ ದಾರಿಗೆ ನಾನಾಗಿ ಬಂದವಳಲ್ಲ. ಸ್ನೇಹಿತೆಯೊಬ್ಬಳಿಗೆ ಕ್ಲಾಸಿಗೆ ಒಬ್ಬಳೇ ಹೋಗಲು ಬೇಜಾರು ಅಂತ ನನ್ನನ್ನು ಎಳೆದುಕೊಂಡು ಹೋದಳು. ಸ್ವಲ್ಪ ದಿನಕ್ಕೆ ಅವಳು ಅದನ್ನು ಬಿಟ್ಟು ಈಜು ಕಲಿಯಲು ಹೋದಳು. ನಾನು ಮುಳುಗಿದೆ.

ಮೊದಲನೆಯದು ಮಣಿ ಪೋಣಿಸುವ ಕ್ಲಾಸು. ‘ಏನೂ ಗೊತ್ತಿಲ್ಲದವರೂ ಸೇರಬಹುದು’ ಅಂತ ಬರೆದಿದ್ದರು. ಅಷ್ಟು ಅರ್ಹತೆ ನನಗೆ ಧಾರಾಳವಾಗಿತ್ತು. ಮೇಡಂ ಪ್ರತಿಯೊಬ್ಬರ ಮುಂದೆ ಒಂದು ಮೆತ್ತನೆಯ ಬಟ್ಟೆ ಹಾಸಿದರು. ಅಲಂಕಾರಕ್ಕಲ್ಲ, ಮಣಿ ಉರುಳಿ ಓಡದಿರಲಿ ಅಂತ. ಕೈಗೆ ಕೊಟ್ಟದ್ದು 11ನೇ ನಂಬರ್ ಮಣಿ. ಅಂದರೆ ಹೆಚ್ಚುಕಮ್ಮಿ 2 ಮಿಲಿಮೀಟರ್ ಗಾತ್ರ. ಅದರ ತೂತು ಎಷ್ಟಿರುತ್ತದೆ ಅಂತ ನೀವೇ ಲೆಕ್ಕ ಹಾಕಿ. ಈ ಕಸುಬಿನಲ್ಲಿ ನಂಬರ್ ಜಾಸ್ತಿಯಾದಷ್ಟೂ ವಸ್ತು ಚಿಕ್ಕದಾಗುತ್ತದೆ. 15ನೇ ನಂಬರ್ ಮಣಿ 11ಕ್ಕಿಂತ ಸಣ್ಣದು. 24 ಗೇಜ್ ತಂತಿ 20 ಗೇಜಿಗಿಂತ ತೆಳು. ಉಕ್ಕಿನ ಹಲಗೆಯಲ್ಲಿ ಒಂದಕ್ಕಿಂತ ಒಂದು ಸಣ್ಣ ತೂತುಗಳಿರುತ್ತವೆ. ತಂತಿಯನ್ನು ಅದರಲ್ಲಿ ಎಳೆದೆಳೆದು ತೆಳು ಮಾಡುತ್ತಿದ್ದ ಕಾಲದ ಲೆಕ್ಕ ಇದು. ಎಳೆತ ಜಾಸ್ತಿ, ನಂಬರ್ ಜಾಸ್ತಿ. ಸಾಲದ ಕಂತಿಗೂ ಇದೇ ಲೆಕ್ಕ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ?

ನಮ್ಮ ಕ್ಲಾಸಿನ ಒಬ್ಬರು, ಬಳೆ ಗಟ್ಟಿಯಾಗಿರಲಿ ಅಂತ ಹುಡುಕಿ ಹುಡುಕಿ 28 ಗೇಜ್ ತಂತಿ ತರಿಸಿಕೊಂಡರು. ಬಂದ ತಂತಿ ಕೂದಲಿಗಿಂತ ಸ್ವಲ್ಪ ದಪ್ಪ. ಆದರೂ ಛಲ ಬಿಡದೆ ಬಳೆ ಮಾಡಿದರು. ಕೈ ಮೇಲೆತ್ತಿದರೆ ಬಳೆ ಗುಂಡಗಿರುತ್ತಿತ್ತು, ಕೆಳಗಿಳಿಸಿದರೆ ಚೌಕವಾಗುತ್ತಿತ್ತು.

ನಾನು ಪೋಣಿಸಿದ ಸರದ್ದು ಇನ್ನೊಂದು ಕಥೆ. ಸರದ ಎರಡೂ ತುದಿಯಲ್ಲಿ ದಾರ ಬಿಟ್ಟುಕೊಳ್ಳದಿರಲಿ ಅಂತ ಕ್ರಿಂಪ್ ಎಂಬ ಪುಟ್ಟ ಲೋಹದ ಕೊಳವೆ ಹಾಕಿ ಅಮುಕುತ್ತಾರೆ. ಅದನ್ನು ಅಮುಕುವುದಕ್ಕೆಂದೇ ಒಂದು ಇಕ್ಕಳವಿದೆ. ಆದರೆ ಮನೆಯ ಟೂಲ್ ಡಬ್ಬಿಯಲ್ಲಿರುವ ಇಕ್ಕಳವೂ ಇಕ್ಕಳವೇ ಎಂಬುದು ನನ್ನ ಗಂಡನ ವಾದ. ಆ ವಾದದ ಬಲದ ಮೇಲೆ ನಿಂತಿದ್ದ ಸರ ಆಫೀಸಿನ ಮೀಟಿಂಗಿನಲ್ಲಿ, ಎಲ್ಲರೂ ಗಂಭೀರವಾಗಿ ಗೋಡೆಯ ಮೇಲಿನ ಚಾರ್ಟ್ ನೋಡುತ್ತಿದ್ದಾಗ, ಬಿಚ್ಚಿಕೊಂಡಿತು. ಮಣಿಗಳು ಸದ್ದು ಮಾಡುತ್ತಾ ಮೇಜಿನ ಉದ್ದಕ್ಕೂ ಓಡಿದವು. ನಮ್ಮ ಮ್ಯಾನೇಜರ್ ಮಂಡಿಯೂರಿ ಮೇಜಿನ ಕೆಳಗಿಂದ ಒಂದೊಂದೇ ಹೆಕ್ಕಿ ಕೊಟ್ಟರು. ಅಂದು ಅವರಷ್ಟು ಒಳ್ಳೆಯ ಮನುಷ್ಯ ಇನ್ನೊಬ್ಬರಿಲ್ಲ ಅನ್ನಿಸಿತು. ವರ್ಷದ ಮೌಲ್ಯಮಾಪನದಲ್ಲಿ ಆ ಅನಿಸಿಕೆ ಹೋಯಿತು.

ಮೇಡಂಗೆ ಹೇಳಿದರೆ ಅವರೇನೂ ಬೆಚ್ಚಲಿಲ್ಲ. “ಅದಕ್ಕೇ ಮುತ್ತಿನ ಸರದಲ್ಲಿ ಮುತ್ತಿಗೊಂದು ಗಂಟು ಹಾಕೋದು. ಹರಿದರೆ ಒಂದು ಮುತ್ತು ಬೀಳುತ್ತೆ, ಉಳಿದದ್ದು ದಾರದಲ್ಲೇ ಇರುತ್ತೆ. ಒಂದಕ್ಕೊಂದು ಉಜ್ಜಿ ಸವೆಯೋದೂ ಇಲ್ಲ” ಅಂದರು. ಆಮೇಲೆ ಗಂಟು ಹಾಕಲು ಕಲಿಸಿದರು. ಗಂಟು ಸರಿಯಾಗಿ ಮುತ್ತಿಗೆ ತಾಗಿಯೇ ಕೂರಬೇಕು. ನನ್ನ ಗಂಟುಗಳು ಸಾಮಾನ್ಯವಾಗಿ ಎರಡು ಮುತ್ತುಗಳ ನಡುದಾರಿಯಲ್ಲಿ ಬಿಗಿದುಕೊಳ್ಳುತ್ತಿದ್ದವು. ಒಮ್ಮೆ ಬಿಗಿದರೆ ಸೂಜಿಗೂ ಜಗ್ಗುತ್ತಿರಲಿಲ್ಲ. ಬೇಕಾದ ಕಡೆ ಕ್ರಿಂಪ್ ನಿಲ್ಲುವುದಿಲ್ಲ, ಬೇಡದ ಕಡೆ ಗಂಟು ಬಿಡುವುದಿಲ್ಲ.

ಆಮೇಲೆ ತಂತಿ ಕೆಲಸದ ಕ್ಲಾಸು. ಇಲ್ಲಿನ ಟೀಚರ್ ಬೇರೆಯದೇ ತರಹದ ಮನುಷ್ಯರು. ಬಂದ ಹೊಸದರಲ್ಲಿ ಬರೀ ಜಂಪ್ ರಿಂಗ್ ಕೊಟ್ಟು ಕೂರಿಸಿದರು. ಓಲೆಗೂ ಕೊಕ್ಕೆಗೂ, ಸರಕ್ಕೂ ಪದಕಕ್ಕೂ ನಡುವೆ ಇರುವ ಪುಟ್ಟ ಬಳೆ ಅದು. ಯಾರೂ ಅದನ್ನು ನೋಡುವುದಿಲ್ಲ. ಆದರೆ ಒಡವೆ ಕಳೆದುಹೋಯಿತು ಅಂದರೆ ಅರ್ಧ ಸಲ ಅದರ ಬಾಯಿ ಬಿಟ್ಟಿತ್ತು ಅಂತಲೇ ಅರ್ಥ. ಅದನ್ನು ಅಗಲಕ್ಕೆ ಎಳೆದು ತೆರೆಯಬಾರದು, ದುಂಡಗಿನ ಆಕಾರ ಕೆಟ್ಟುಹೋಗುತ್ತದೆ. ಎರಡು ಇಕ್ಕಳದಲ್ಲಿ ಎರಡು ತುದಿ ಹಿಡಿದು ಒಂದನ್ನು ನಮ್ಮ ಕಡೆಗೆ, ಇನ್ನೊಂದನ್ನು ಆಚೆಗೆ ತಿರುಗಿಸಬೇಕು. ಮುಚ್ಚುವಾಗ ಸರಿಯಾಗಿ ಕೂಡುವ ಜಾಗಕ್ಕೆ ತಂದು ನಿಲ್ಲಿಸಿದರೆ ಆಗಲಿಲ್ಲ. ಲೋಹ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಅದಕ್ಕೆ ಆ ಜಾಗ ದಾಟಿಸಿ, ಮತ್ತೆ ಈಚೆ ತಂದು, ತುದಿಗೆ ತುದಿ ಉಜ್ಜುವಂತೆ ಆಡಿಸಬೇಕು. ಸರಿಯಾಗಿ ಕೂತರೆ ‘ಟಿಕ್’ ಅನ್ನುತ್ತದೆ. ಬೆರಳಿಗೆ ಮೊದಲು ಗೊತ್ತಾಗುತ್ತದೆ, ಕಿವಿಗೆ ಆಮೇಲೆ.

ಈ ಟೀಚರ್‌ಗೆ ಮಾತ್ರ ಕಿವಿಗೇ ಮೊದಲು ಗೊತ್ತಾಗುತ್ತಿತ್ತು. ಕೋಣೆಯ ಆ ತುದಿಯಲ್ಲಿ ಬೇರೆಯವರಿಗೆ ಏನೋ ತೋರಿಸುತ್ತಾ, ತಿರುಗಿಯೂ ನೋಡದೆ, “ಕಿಟಕಿ ಹತ್ತಿರ ಕೂತಿರೋರೇ, ನಿಮ್ಮದು ಟಿಕ್ ಅನ್ನಲಿಲ್ಲ” ಅನ್ನುತ್ತಿದ್ದರು. ನಾನು ಬಾಯಲ್ಲೇ ‘ಟಿಕ್’ ಅಂದು ನೋಡಿದೆ. “ಅದೂ ಕೇಳಿಸ್ತು” ಅಂದರು.

ಇಲ್ಲಿ ತಿಳಿದ ಇನ್ನೊಂದು ಸಂಗತಿ ಏನೆಂದರೆ, ತಂತಿಗೂ ಒಂದು ಸಹನೆಯ ಮಿತಿ ಇದೆ. ಒಂದೇ ಜಾಗದಲ್ಲಿ ಬಗ್ಗಿಸಿ, ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿದರೆ ಅದು ಗಟ್ಟಿಯಾಗುತ್ತಾ ಹೋಗಿ ಪಟ್ಟನೆ ಮುರಿಯುತ್ತದೆ. ಮತ್ತೆ ಮೆತ್ತಗಾಗಬೇಕು ಅಂದರೆ ಮಂದವಾಗಿ ಕೆಂಪಾಗುವ ತನಕ ಕಾಯಿಸಬೇಕು. ಹಾಗಾಗಿ ‘ಸುಮ್ನೆ ಒಂದು ಚೂರು ಸರಿ ಮಾಡ್ತೀನಿ’ ಎಂಬ ಮಾತಿಗಿಂತ ಅಪಾಯದ ಮಾತು ಈ ಕಸುಬಿನಲ್ಲಿಲ್ಲ. ನಾನು ಅದನ್ನು ದಿನಕ್ಕೆ ಹಲವು ಸಲ ಹೇಳುತ್ತೇನೆ.

ಕೊನೆಗೆ ಬೆಳ್ಳಿ. ಬೆಳ್ಳಿ ಕೆಲಸ ಕಲಿಸಿದವರು ವಯಸ್ಸಾದ ಗುರುಗಳು. ಮಾತು ಕಡಿಮೆ. ಆಡಿದ ಮಾತಿನಲ್ಲಿ ಹೊಗಳಿಕೆ ಇನ್ನೂ ಕಡಿಮೆ. ಯಾವ ಒಡವೆ ಕೊಟ್ಟರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಾರೆ. ಮುಂದಿನ ಭಾಗವನ್ನು ಎಲ್ಲರೂ ಚೆನ್ನಾಗಿ ಮಾಡುತ್ತಾರಂತೆ.

ಮೊದಲು ಗರಗಸ ಕೊಟ್ಟರು. ಅದರ ಬ್ಲೇಡು ದಾರದಷ್ಟು ಸಣ್ಣ. ಹಲ್ಲುಗಳು ಹಿಡಿಯ ಕಡೆಗೆ, ಕೆಳಮುಖವಾಗಿರಬೇಕು. ಕೆಳಗೆ ಎಳೆದಾಗ ಮಾತ್ರ ಕತ್ತರಿಸುತ್ತದೆ. ಸ್ವಲ್ಪ ಜೇನುಮೇಣ ಸವರಿ, ತಗಡಿಗೆ ನೇರವಾಗಿ ಹಿಡಿದು, ಒತ್ತದೆ, ಮೇಲೆ ಕೆಳಗೆ ಆಡಿಸಬೇಕು. ಒತ್ತಿದರೆ ‘ಪಿಂಗ್’. ಓರೆಯಾದರೆ ‘ಪಿಂಗ್’. ತಿರುವಿನಲ್ಲಿ ಅವಸರ ಮಾಡಿದರೆ ‘ಪಿಂಗ್’. ಪಕ್ಕದವರು ಸೀನಿದಾಗಲೂ ನನ್ನದು ಮುರಿದಿದ್ದಿದೆ. ಈ ಬ್ಲೇಡುಗಳನ್ನು ಬಿಡಿಬಿಡಿಯಾಗಿ ಅಲ್ಲ, ಡಜನ್ ಲೆಕ್ಕದಲ್ಲೇ ಮಾರುತ್ತಾರೆ. ನಮ್ಮ ಬಗ್ಗೆ ತಯಾರಿಸುವವರಿಗೆ ಮೊದಲೇ ಗೊತ್ತು.

ಬೆಸುಗೆಯ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು. ಒಡವೆಗೆ ಬಳಸುವ ಸ್ಟರ್ಲಿಂಗ್ ಬೆಳ್ಳಿಯಲ್ಲಿ ನೂರಕ್ಕೆ 92.5 ಭಾಗ ಬೆಳ್ಳಿ, ಉಳಿದದ್ದು ಸಾಮಾನ್ಯವಾಗಿ ತಾಮ್ರ. ಸುಮಾರು 890 ಡಿಗ್ರಿ ಸೆಲ್ಸಿಯಸ್ ತಲುಪುವಷ್ಟರಲ್ಲಿ ಅದು ಪೂರ್ತಿ ಕರಗಿ ನೀರಾಗುತ್ತದೆ. ತುದಿಗಳನ್ನು ಕೂಡಿಸಲು ಇಡುವ ಲೋಹದ ಚೂರಿಗೂ ಬೆಸುಗೆ ಅಂತಲೇ ಹೆಸರು, ಅದು ಬೆಳ್ಳಿಗಿಂತ ಮೊದಲೇ ಕರಗುತ್ತದೆ. ಈ ಎರಡರ ನಡುವಿನ ಇಷ್ಟೇ ಇಷ್ಟು ಜಾಗದಲ್ಲಿ ಬೆಂಕಿ ತೆಗೆಯಬೇಕು. ಬೆಸುಗೆ ಚೂರಿಗೆ ನೇರ ಬೆಂಕಿ ಹಿಡಿದರೆ ಅದು ಮುನಿಸಿಕೊಂಡು ಉಂಡೆಯಾಗಿ ಕೂತುಬಿಡುತ್ತದೆ. ಬಿಳಿಗಾರ ಹಚ್ಚಿ, ಸುತ್ತಲಿನ ಬೆಳ್ಳಿಯನ್ನೆಲ್ಲ ಸಮನಾಗಿ ಕಾಯಿಸಿದರೆ ಮಾತ್ರ ಬಿಸಿ ಎಲ್ಲಿದೆಯೋ ಅಲ್ಲಿಗೆ ತಾನೇ ಹರಿದುಹೋಗುತ್ತದೆ. ಬಿರುಕಿನ ಉದ್ದಕ್ಕೂ ಒಂದು ಹೊಳೆಯುವ ಗೆರೆ ಸರಕ್ಕನೆ ಓಡುತ್ತದೆ. ನೋಡಲು ಎರಡು ಕಣ್ಣು ಸಾಲದು. ಆ ಚಂದಕ್ಕೆ ಮೈಮರೆತು ಇನ್ನರ್ಧ ಕ್ಷಣ ಬೆಂಕಿ ಹಿಡಿದರೆ ಉಂಗುರವೇ ಹೊಳೆದು, ಕುಸಿದು, ಸುತ್ತಿಕೊಂಡು ಒಂದು ಗುಂಡಾಗುತ್ತದೆ. ನನ್ನ ಉಂಗುರ ಆಯಿತು.

ಗುರುಗಳು ಆ ಗುಂಡನ್ನು ಚಿಮ್ಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. “ಚೆನ್ನಾಗಿ ದುಂಡಗಿದೆ. ತೂತು ಹಾಕಿಕೋ, ಮಣಿ ಕ್ಲಾಸಿಗಾಗುತ್ತೆ” ಅಂದರು. ಸುಮಾರು 2,600 ವರ್ಷಗಳ ಹಿಂದೆ ಇಟಲಿಯಲ್ಲಿದ್ದ ಎಟ್ರಸ್ಕನ್ನರು ಚಿನ್ನವನ್ನು ಹೀಗೇ ಪುಟ್ಟ ಪುಟ್ಟ ಗುಂಡು ಮಾಡಿ ಒಡವೆಯ ಮೇಲೆ ಸಾಲಾಗಿ ಕೂರಿಸುತ್ತಿದ್ದರು ಅಂತ ನಾನು ಓದಿದ್ದೆ, ಹೇಳಿದೆ. “ಹೌದಮ್ಮಾ. ಅವರು ಬೇಕು ಅಂತ ಮಾಡ್ತಿದ್ದರು” ಅಂದರು. ಇನ್ನೊಂದು ದಿನ ಅಲೆಕ್ಸಾಂಡರ್ ಕಾಲ್ಡರ್ ಅವರನ್ನು ಸಾಕ್ಷಿಗೆ ಕರೆದೆ. ಅಮೆರಿಕದ ದೊಡ್ಡ ಶಿಲ್ಪಿ. ಸುಮಾರು 1,800 ಒಡವೆ ಮಾಡಿದ್ದರು. ತಂತಿಯನ್ನು ಬಗ್ಗಿಸಿ, ಬಡಿದು, ಸುರುಳಿ ಸುತ್ತಿ ಮಾಡಿದ್ದೇ ಜಾಸ್ತಿ, ಬೆಸುಗೆಯ ಗೊಡವೆಗೆ ಹೋಗಿದ್ದು ಕಡಿಮೆ. ಗುರುಗಳು ಯೋಚಿಸಿ ಹೇಳಿದರು, “ಬೆಸುಗೆ ಬೇಡ ಅಂದಿದ್ದು ಅವರು. ಇಲ್ಲಿ ನೀನೇ ಬೇಡ ಅಂತ ಬೆಸುಗೆ ಹೇಳ್ತಿದೆ.”

ಅದೇ ಕ್ಲಾಸಿನಲ್ಲಿ ಒಂದು ಅಪರಾಧವೂ ನಡೆಯಿತು. ಬೆಸುಗೆಯಾದ ಮೇಲೆ ಕಪ್ಪು ಹೋಗಲಿ ಅಂತ ಒಡವೆಯನ್ನು ಬೆಚ್ಚಗಿನ ಆಮ್ಲದ ನೀರಿನಲ್ಲಿ ಮುಳುಗಿಸುತ್ತಾರೆ. ಅದರೊಳಗೆ ಕಬ್ಬಿಣ ಹೋಗಬಾರದು. ಹೋದರೆ ನೀರಿನಲ್ಲಿ ಕರಗಿರುವ ತಾಮ್ರವೆಲ್ಲ ಬೆಳ್ಳಿಯ ಮೇಲೆ ಬಂದು ಕೂರುತ್ತದೆ. ಅದಕ್ಕೇ ಪಕ್ಕದಲ್ಲಿ ತಾಮ್ರದ ಚಿಮ್ಮಟ ಇಟ್ಟಿರುತ್ತಾರೆ. ಒಂದು ಮಧ್ಯಾಹ್ನ ಮುಚ್ಚಳ ತೆಗೆದರೆ ಇಡೀ ಕ್ಲಾಸಿನ ಬೆಳ್ಳಿ ಗುಲಾಬಿ ಬಣ್ಣಕ್ಕೆ ತಿರುಗಿತ್ತು. “ಯಾರು ಉಕ್ಕಿನ ಚಿಮ್ಮಟ ಅದ್ದಿದ್ದು?” ಅಂದರು ಗುರುಗಳು. ಎಲ್ಲರೂ ಒಟ್ಟಿಗೆ ಸೀಲಿಂಗ್ ನೋಡಿದೆವು. ಎಲ್ಲರ ಕೈಯಲ್ಲೂ ಒಂದೊಂದು ಉಕ್ಕಿನ ಚಿಮ್ಮಟವಿತ್ತು. ಪ್ರಕರಣ ಇನ್ನೂ ತೆರೆದೇ ಇದೆ.

ಬೆಳ್ಳಿಗೆ ಹಳೆಯ ಒಡವೆಯ ಕಪ್ಪು ಬರಿಸುವ ಗಂಧಕದ ದ್ರಾವಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ನಾನು ಬಾಲ್ಕನಿಯಲ್ಲಿ, ಗಾಳಿ ಆಡುವ ಕಡೆಯೇ ಮಾಡಿದೆ. ಗಾಳಿ ಆಡಿತು. ಮೇಲಿನ ಮನೆಯವರು ಪ್ಲಂಬರ್ ಕರೆಸಿ, ಪೈಪ್ ಬಿಚ್ಚಿಸಿ, ಏನೂ ಸಿಗದೆ, ಮತ್ತೆ ಜೋಡಿಸಿಕೊಂಡರು. ಅವರು ಈ ಬರಹ ಓದುವುದಿಲ್ಲ ಎಂಬ ಧೈರ್ಯದಲ್ಲಿದ್ದೇನೆ.

ಇಷ್ಟೆಲ್ಲ ಆದರೂ ನಿಜವಾದ ಕಷ್ಟ ಬೆಂಕಿಯದ್ದಲ್ಲ, ಗರಗಸದ್ದಲ್ಲ. ಮನುಷ್ಯರಿಗೆ ಎರಡು ಕಿವಿ ಇರುವುದು. ಉಂಗುರ ಒಂದು ಮಾಡಿದರೆ ಸಾಕು. ಪದಕವೂ ಅಷ್ಟೇ. ಓಲೆ ಮಾತ್ರ ಎರಡು ಬೇಕು, ಅದೂ ಒಂದೇ ತರಹ. ಮೊದಲನೆಯದು ಎಷ್ಟು ಚೆನ್ನಾಗಿ ಬರುತ್ತದೋ ಎರಡನೆಯದು ಅಷ್ಟೇ ಹಟ ಮಾಡುತ್ತದೆ. ಅರ್ಧ ಮಿಲಿಮೀಟರ್ ಉದ್ದವಾಗುತ್ತದೆ. ಸುರುಳಿ ಒಂದು ಸುತ್ತು ಬಿಗಿಯಾಗುತ್ತದೆ. ಎಡಕ್ಕೂ ಬಲಕ್ಕೂ ಒಂದೇ ದಿಕ್ಕಿಗೆ ತಿರುಗುತ್ತದೆ. ಅದಕ್ಕೆ ಜೋಡಿಯಾಗಲಿ ಅಂತ ಮೂರನೆಯದು ಮಾಡಿದರೆ ಅದು ಮೊದಲ ಎರಡನ್ನೂ ಹೋಲುವುದಿಲ್ಲ. ನನ್ನ ಹತ್ತಿರ ಒಂದು ಡಬ್ಬಿ ತುಂಬ ಒಂಟಿ ಓಲೆಗಳಿವೆ. ಒಬ್ಬೊಬ್ಬರೂ ನೋಡಲು ಚೆನ್ನಾಗಿದ್ದಾರೆ, ಯಾರಿಗೂ ಸಂಬಂಧ ಕೂಡಿ ಬಂದಿಲ್ಲ.

ಗುರುಗಳು ಇದಕ್ಕೆ ಉಪಾಯ ಹೇಳಿಕೊಟ್ಟರು. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗಬಾರದು. ಎರಡು ತಂತಿಯನ್ನೂ ಒಟ್ಟಿಗೆ ಅಳೆದು ಕತ್ತರಿಸು. ಮೊದಲ ತಿರುವು ಎರಡಕ್ಕೂ ಹಾಕು. ಎರಡನೇ ತಿರುವು ಎರಡಕ್ಕೂ ಹಾಕು. ದುಂಡು ಇಕ್ಕಳದ ಮೂತಿಯ ಮೇಲೆ ಪೆನ್ನಿನಿಂದ ಗುರುತು ಮಾಡಿಕೋ, ಪ್ರತಿ ಸಲವೂ ತಂತಿ ಅಲ್ಲೇ ಕೂರಲಿ. ಇಷ್ಟು ಸರಳವಾದದ್ದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. “ಡಬ್ಬಿ ತುಂಬಲಿ ಅಂತ ಕಾಯ್ತಿದ್ದೆ” ಅಂದರು. ಕ್ಲಾಸಿಗೂ ಗುರುಗಳಿಗೂ ಇರುವ ವ್ಯತ್ಯಾಸ ಇದೇ ಇರಬೇಕು. ಕ್ಲಾಸಿನಲ್ಲಿ ಎಲ್ಲವನ್ನೂ ಮೊದಲ ದಿನವೇ ಹೇಳಿಬಿಡುತ್ತಾರೆ, ಒಂದೂ ತಲೆಗೆ ಹೋಗುವುದಿಲ್ಲ.

ಆ ಡಬ್ಬಿಯ ಒಂಟಿಗಳನ್ನೇ ಎರಡೆರಡು ಸೇರಿಸಿ ಒಂದು ಪ್ರದರ್ಶನದಲ್ಲಿ ಇಟ್ಟೆ. ಬೆಲೆ ಹಾಕುವುದಕ್ಕೂ ಕ್ಲಾಸಿನಲ್ಲಿ ಸೂತ್ರ ಕೊಟ್ಟಿದ್ದರು. ಸಾಮಾನಿನ ಖರ್ಚು, ನಮ್ಮ ಕೂಲಿ, ಮೇಲಿನ ಖರ್ಚು ಕೂಡಿಸಿ, ಎರಡರಿಂದ ಗುಣಿಸಿದರೆ ಸಗಟು ಬೆಲೆ, ಅದನ್ನು ಮತ್ತೆ ಎರಡರಿಂದ ಗುಣಿಸಿದರೆ ಚಿಲ್ಲರೆ ಬೆಲೆ. ನನ್ನ ಕೂಲಿಯನ್ನು ನಿಜವಾದ ಗಂಟೆಗಳ ಲೆಕ್ಕದಲ್ಲಿ ಹಾಕಿದರೆ ಆ ಓಲೆ ವಜ್ರದ್ದಕ್ಕಿಂತ ದುಬಾರಿಯಾಗುತ್ತಿತ್ತು. ಅದಕ್ಕೆ ಗುಣಾಕಾರ ಬಿಟ್ಟೆ. ಕೂಲಿಯನ್ನೂ ಬಿಟ್ಟೆ. ಅತ್ತಿಗೆ ಬಂದು, “ನಮಗೇನು ಬೆಲೆ, ಸುಮ್ನೆ ಒಂದು ಜೊತೆ ಕೊಡು” ಅಂದಾಗ ಸಾಮಾನಿನ ಖರ್ಚನ್ನೂ ಬಿಟ್ಟೆ.

ಆದರೆ ಗೊತ್ತೇ ಇಲ್ಲದ ಒಬ್ಬ ಹುಡುಗಿ ಒಂದು ಜೊತೆ ಕೈಗೆತ್ತಿಕೊಂಡು, “ಎರಡೂ ಬೇರೆ ಬೇರೆ ಇವೆಯಲ್ಲ, ಬೇಕಂತಲೇ ಹೀಗೆ ಮಾಡಿದ್ದೀರಾ?” ಅಂತ ಕೇಳಿದಳು. ನಾನು ಮುಗುಳ್ನಕ್ಕೆ. ಕಲಾವಿದರು ಇಂಥ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಪೂರ್ತಿ ಬೆಲೆ ಕೊಟ್ಟು ತೆಗೆದುಕೊಂಡು ಹೋದಳು.

ಈಗ ಅವಳೇ ಫೋನ್ ಮಾಡಿದ್ದಾಳೆ. ಒಂದು ಓಲೆ ಬಸ್ಸಿನಲ್ಲಿ ಬಿದ್ದುಹೋಯಿತಂತೆ. ಬಲಗಿವಿಯದ್ದು. ಸುರುಳಿ ಸ್ವಲ್ಪ ಬಿಟ್ಟುಕೊಂಡು, ಕೆಳಗಡೆ ಒಂದು ಕಡೆ ವಾಲಿಕೊಂಡಿತ್ತಲ್ಲ, ಅದೇ. “ಅದೇ ಇಷ್ಟ ಮೇಡಂ, ಥೇಟ್ ಹಾಗೇ ಇನ್ನೊಂದು ಬೇಕು” ಅಂದಳು. ಫೋಟೋನೂ ಕಳಿಸಿದ್ದಾಳೆ. ನಾನು ಕೂತು ಮಾಡಿದೆ. ನೆಟ್ಟಗೆ ಬಂತು. ಇನ್ನೊಂದು ಮಾಡಿದೆ. ಅದಕ್ಕಿಂತ ನೆಟ್ಟಗೆ ಬಂತು. ಬೇಕಂತ ಕೈ ಅಲುಗಿಸಿ ಬಗ್ಗಿಸಿದರೆ ಬೇರೆ ತರಹ ಸೊಟ್ಟಗಾಯಿತು, ಅವಳ ತರಹದ್ದಲ್ಲ. ಎಲ್ಲವನ್ನೂ ತೆಗೆದುಕೊಂಡು ಗುರುಗಳ ಹತ್ತಿರ ಹೋದೆ. ಅವರು ಫೋಟೋ ನೋಡಿದರು, ಓಲೆಗಳನ್ನು ನೋಡಿದರು, ಅಭ್ಯಾಸಬಲದಿಂದ ತಿರುಗಿಸಿ ಹಿಂಬದಿಯನ್ನೂ ನೋಡಿದರು.

“ಇದು ನನಗೂ ಬರಲ್ಲಮ್ಮಾ. ಎಲ್ಲಾದರೂ ಕ್ಲಾಸ್ ಇದ್ದರೆ ಹೇಳು, ಇಬ್ಬರೂ ಸೇರೋಣ” ಅಂದರು.