ಸತ್ಯಾಂಶ: ಯೇಸು ದೇವರೆಂಬುದು ನೈಸಿಯಾ ಸಭೆಯ ಮತದಾನದಿಂದ ಬಂದದ್ದೇ?

ಕ್ರಿ.ಶ. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ಇಂದಿನ ಟರ್ಕಿಯಲ್ಲಿದ್ದ ನೈಸಿಯಾ ನಗರದಲ್ಲಿ ಕರೆದ ಬಿಷಪ್ಪರ ಸಭೆಯಲ್ಲಿ ಯೇಸು ದೇವರೆಂದು ಬಹುಮತದಿಂದ ತೀರ್ಮಾನಿಸಿ, ಬೈಬಲ್ಲಿನ ಪುಸ್ತಕಗಳನ್ನೂ ಅಲ್ಲಿಯೇ ಆರಿಸಲಾಯಿತು, ಆದ್ದರಿಂದ ಕ್ರೈಸ್ತರು ಸತ್ಯವೆನ್ನುವುದು ಕೆಲವರ ಅಭಿಪ್ರಾಯ ಮಾತ್ರ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಆಗಾಗ ಹರಿದಾಡುತ್ತದೆ. ಇದು ಸರಿಯಲ್ಲ.

ಆ ಸಭೆಗೆ ಎರಡು ಶತಮಾನಗಳ ಮೊದಲೇ, ಸುಮಾರು 112ರಲ್ಲಿ, ನೈಸಿಯಾ ನಗರವಿದ್ದ ಬಿಥಿನಿಯಾ ಪ್ರಾಂತ್ಯದ ರೋಮನ್ ಅಧಿಕಾರಿ ಪ್ಲಿನಿಯು, ಕ್ರೈಸ್ತರು ಗೊತ್ತಾದ ದಿನ ನಸುಕಿನಲ್ಲಿ ಸೇರಿ ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುತ್ತಿದ್ದರೆಂದು ಚಕ್ರವರ್ತಿ ಟ್ರಾಜನ್‌ಗೆ ಬರೆದಿದ್ದನು. ಅವನು ಕ್ರೈಸ್ತನಲ್ಲ, ಅವರನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸಿದವನು. ಅವನ ಸಾಕ್ಷ್ಯಕ್ಕೆ ಹೆಚ್ಚು ತೂಕವಿರುವುದು ಆ ಕಾರಣದಿಂದಲೇ. ನೈಸಿಯಾದಲ್ಲಿ ಮುಖ್ಯವಾಗಿ ಚರ್ಚೆಗೆ ಬಂದದ್ದು, ಮಗನಾದ ಯೇಸು ತಂದೆಯಾದ ದೇವರಿಂದ ಸೃಷ್ಟಿಯಾದವನೆಂಬ ಅಲೆಕ್ಸಾಂಡ್ರಿಯಾದ ಪಾದ್ರಿ ಏರಿಯಸನ ಬೋಧನೆ. ಸಭೆಯ 20 ನಿಯಮಗಳಲ್ಲಿ ಬೈಬಲ್ ಪುಸ್ತಕಗಳ ಪಟ್ಟಿಯೇ ಇಲ್ಲ. ಹೊಸ ಒಡಂಬಡಿಕೆಯ ಇಂದಿನ 27 ಪುಸ್ತಕಗಳ ಪಟ್ಟಿ 367ರಲ್ಲಿ ಅಲೆಕ್ಸಾಂಡ್ರಿಯಾದ ಬಿಷಪ್ ಅಥನಾಸಿಯಸ್ ಬರೆದ ಪಾಸ್ಕ (ಈಸ್ಟರ್) ಪತ್ರದಲ್ಲಿ ಸಿಗುತ್ತದೆ.

ಈ ದಾಖಲೆಗಳು ಯೇಸುವಿನ ದೈವತ್ವವನ್ನು ಸಾಬೀತುಪಡಿಸುವುದಿಲ್ಲ, ನಿಜ. ಆ ನಂಬಿಕೆ ಎಷ್ಟು ಹಳೆಯದೆಂಬುದನ್ನಷ್ಟೇ ತೋರಿಸುತ್ತವೆ. ಆದರೆ ಕ್ರೈಸ್ತ ವಿಶ್ವಾಸವು ತನ್ನನ್ನು ಎಂದೂ ವೈಯಕ್ತಿಕ ಅಭಿರುಚಿಯೆಂದು ಹೇಳಿಕೊಂಡಿಲ್ಲ. ಕ್ರಿಸ್ತನು ಸತ್ತವರೊಳಗಿಂದ ಎದ್ದುಬಂದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥವೆಂದು ಕೊರಿಂಥದವರಿಗೆ ಬರೆದ ಅಪೊಸ್ತಲ ಪೌಲನು, ಅದೇ ಅಧ್ಯಾಯದಲ್ಲಿ, ಎದ್ದುಬಂದ ಕ್ರಿಸ್ತನನ್ನು ಕಂಡ 500ಕ್ಕೂ ಹೆಚ್ಚು ಮಂದಿಯಲ್ಲಿ ಬಹುಪಾಲು ಜನ ಇನ್ನೂ ಬದುಕಿದ್ದಾರೆಂದು ಹೇಳಿ, ಅದನ್ನು ನಡೆದ ಘಟನೆಯಾಗಿಯೇ ಮುಂದಿಟ್ಟಿದ್ದಾನೆ.